ಇಂಚಿನ ದಶಲಕ್ಷಾಂಶವನ್ನು ಅಳೆದ ಜೋಸೆಫ್ ವಿಟ್‌ವರ್ತ್

ಹಳೆಯ ವರ್ಕ್‌ಶಾಪುಗಳ ಡ್ರಿಲ್ಲಿಂಗ್ ಯಂತ್ರಗಳಿಗೆ ವಯಸ್ಸಾದಂತೆ ಒಂದು ರೋಗ ಅಂಟಿಕೊಳ್ಳುತ್ತದೆ. ತಿರುಗುವ ಬಿಟ್‌ನ ತುದಿ ಒಂದೇ ಬಿಂದುವಿನಲ್ಲಿ ನಿಲ್ಲದೆ ಸಣ್ಣ ವೃತ್ತವೊಂದನ್ನು ಬರೆಯತೊಡಗುತ್ತದೆ. ಕೊರೆದ ರಂಧ್ರ ಅಳತೆಗಿಂತ ದೊಡ್ಡದಾಗುತ್ತದೆ, ತೆಳು ಬಿಟ್‌ಗಳು ಪಟಪಟನೆ ಮುರಿಯುತ್ತವೆ. ಇದಕ್ಕೆ ರನ್‌ಔಟ್ ಎಂದು ಹೆಸರು. ಕ್ರಿಕೆಟ್ಟಿನ ರನ್‌ಔಟ್‌ಗೂ ಇದಕ್ಕೂ ನಂಟಿಲ್ಲ.

ದೋಷ ಎಲ್ಲಿದೆಯೆಂದು ಪತ್ತೆ ಹಚ್ಚುವುದೇ ಇಲ್ಲಿ ಅರ್ಧ ಕೆಲಸ. ಬಿಟ್ ಬಾಗಿರಬಹುದು, ಚಕ್‌ನ ಹಿಡಿಕೆಗಳು ಸವೆದಿರಬಹುದು, ಬೇರಿಂಗ್ ಸಡಿಲಗೊಂಡಿರಬಹುದು. ಚಕ್ ಮತ್ತು ಸ್ಪಿಂಡಲ್ ಕೂಡುವ ಶಂಕುವಿನಾಕಾರದ ಜಾಗದಲ್ಲಿ ಚಿಟಿಕೆ ಲೋಹದ ಪುಡಿ ಸಿಕ್ಕಿಕೊಂಡಿದ್ದರೂ ಸಾಕು. ನುರಿತ ಫಿಟ್ಟರ್ ಮೊದಲು ಚಕ್ ಕಳಚಿ, ಸ್ಪಿಂಡಲ್‌ಗೆ ಡಯಲ್ ಗೇಜ್ ತಾಗಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ ಮುಳ್ಳನ್ನು ಗಮನಿಸುತ್ತಾನೆ. ಅಲ್ಲಿ ಮುಳ್ಳು ಅಲುಗದಿದ್ದರೆ ಕೂಡುವ ಜಾಗವನ್ನು ಒರೆಸಿ, ತೆಳ್ಳಗೆ ನೀಲಿ ಬಣ್ಣ ಸವರಿ, ಕೂಡಿಸಿ ಬಿಚ್ಚುತ್ತಾನೆ. ಬಣ್ಣ ಎಲ್ಲೆಡೆ ಸಮನಾಗಿ ಹತ್ತದಿದ್ದರೆ ಉಬ್ಬುತಗ್ಗು ಇದೆ ಎಂದರ್ಥ. ಸರಳು ಬಾಗಿದೆಯೇ ಎಂದು ತಿಳಿಯಬೇಕಾದಾಗ ಸಮತಟ್ಟಾದ ಎರಕದ ಫಲಕದ ಮೇಲೆ ಅದನ್ನು ಉರುಳಿಸಿ, ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ನೋಡುತ್ತಾನೆ.

ಆದರೆ ಆ ಫಲಕ ಸಮತಟ್ಟಾಗಿದೆ ಎಂಬುದಕ್ಕೆ ಏನು ಸಾಕ್ಷಿ? ಅದಕ್ಕಿಂತ ನಿಖರವಾದ ಇನ್ನೊಂದು ಫಲಕವೆಂದರೆ, ಆ ಇನ್ನೊಂದಕ್ಕೆ ಏನು ಸಾಕ್ಷಿ? ಕೊನೆಯಿಲ್ಲದಂತೆ ಕಾಣುವ ಈ ಪ್ರಶ್ನೆಗೆ ಕಾರ್ಖಾನೆಯಲ್ಲಿ ದಿನನಿತ್ಯ ಬಳಸಬಹುದಾದ ಉತ್ತರವನ್ನು ರೂಢಿಗೆ ತಂದವನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್.

1803ರ ಡಿಸೆಂಬರ್ 21ರಂದು ಮ್ಯಾಂಚೆಸ್ಟರ್ ಸಮೀಪದ ಸ್ಟಾಕ್‌ಪೋರ್ಟ್‌ನಲ್ಲಿ ವಿಟ್‌ವರ್ತ್ ಜನಿಸಿದ. ತಂದೆ ಶಾಲಾ ಶಿಕ್ಷಕ, ಮುಂದೆ ಪಾದ್ರಿಯಾದವರು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ ಹದಿನಾಲ್ಕರ ಹೊತ್ತಿಗೆ ಡರ್ಬಿಶೈರ್‌ನಲ್ಲಿದ್ದ ಸಂಬಂಧಿಕರ ಹತ್ತಿ ಗಿರಣಿಗೆ ಸೇರಿದ. ಗಿರಣಿಯ ವ್ಯವಹಾರ ಕಲಿತು ಪಾಲುದಾರನಾಗಲಿ ಎಂಬುದು ಹಿರಿಯರ ಆಸೆ. ಆತನ ಮನಸ್ಸು ನೆಟ್ಟಿದ್ದುದು ನೂಲಿನ ಮೇಲಲ್ಲ, ನೂಲು ತೆಗೆಯುವ ಯಂತ್ರಗಳ ಮೇಲೆ. ಕೆಲವು ವರ್ಷಗಳ ಬಳಿಕ ಗಿರಣಿ ತೊರೆದು ಮ್ಯಾಂಚೆಸ್ಟರ್‌ನಲ್ಲಿ ಸಾಮಾನ್ಯ ಮೆಕ್ಯಾನಿಕ್ ಆದ.

1825ರಲ್ಲಿ ಲಂಡನ್ನಿಗೆ ಹೋದ ವಿಟ್‌ವರ್ತ್, ಆ ಕಾಲದ ಶ್ರೇಷ್ಠ ಯಂತ್ರಶಿಲ್ಪಿ ಹೆನ್ರಿ ಮೌಡ್ಸ್ಲೆಯ ಕಾರ್ಖಾನೆ ಸೇರಿದ. ನಂತರ ಹೋಲ್ಟ್‌ಜಾಫೆಲ್ ಹಾಗೂ ಜೋಸೆಫ್ ಕ್ಲೆಮೆಂಟ್ ಅವರಲ್ಲಿ ದುಡಿದ. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕಯಂತ್ರದ ಭಾಗಗಳು ತಯಾರಾಗುತ್ತಿದ್ದುದು ಈ ಕ್ಲೆಮೆಂಟ್‌ನ ಕಾರ್ಖಾನೆಯಲ್ಲೇ.

ಆಗೆಲ್ಲ ಎರಡು ಫಲಕಗಳ ನಡುವೆ ಮರಳುಪುಡಿಯಂಥ ಎಮರಿ ಹಾಕಿ ಒಂದರ ಮೇಲೊಂದನ್ನು ಉಜ್ಜಿ ಸಮತಟ್ಟು ಮಾಡುವ ಪದ್ಧತಿಯಿತ್ತು. ಇದರಲ್ಲೊಂದು ಮೋಸವಿದೆ. ಒಂದು ಫಲಕ ನಡುವೆ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಾದರೂ ಎರಡೂ ಪರಸ್ಪರ ಸರಿಯಾಗಿಯೇ ಕೂರುತ್ತವೆ. ಮೂರನೆಯ ಫಲಕ ಬಂದರೆ ಈ ಮೋಸ ನಡೆಯದು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ ಎಲ್ಲ ಕಡೆಯಿಂದಲೂ ಹೊಂದಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು. ಹೊರಗಿನ ಯಾವ ಅಳತೆಗೋಲೂ ಬೇಡ. ಜೊತೆಗೆ ವಿಟ್‌ವರ್ತ್ ಎಮರಿಯನ್ನೇ ಬದಿಗಿಟ್ಟ. ಬಣ್ಣ ಬೆರೆಸಿದ ಎಣ್ಣೆಯನ್ನು ಸವರಿ, ಉಬ್ಬಿದ ಚುಕ್ಕೆಗಳನ್ನು ಗುರುತಿಸಿ, ಅವನ್ನಷ್ಟೇ ಉಳಿಯಂಥ ಹತಾರದಿಂದ ಕೈಯಲ್ಲಿ ಕೆರೆದು ತೆಗೆಯಬೇಕೆಂದು ಹಟ ಹಿಡಿದ. ದಿನಗಟ್ಟಲೆ ತಾಳ್ಮೆ ಬೇಡುವ ಕೆಲಸವದು. ಇದರ ಮೂಲ ಕಲ್ಪನೆ ಮೌಡ್ಸ್ಲೆಯದೋ ವಿಟ್‌ವರ್ತ್‌ನದೋ ಎಂಬ ಚರ್ಚೆ ಇತಿಹಾಸಕಾರರಲ್ಲಿದೆ. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಪ್ರಬಂಧ ಓದಿ ಲೋಕಕ್ಕೆ ತಿಳಿಸಿದವನಂತೂ ವಿಟ್‌ವರ್ತ್. ಇಂದಿನ ಫಿಟ್ಟರ್ ಸವರುವ ನೀಲಿ ಬಣ್ಣ ಆ ಎಣ್ಣೆಯದೇ ವಂಶದ್ದು.

1833ರಲ್ಲಿ ಮ್ಯಾಂಚೆಸ್ಟರ್‌ಗೆ ಮರಳಿ ಸ್ವಂತ ಕಾರ್ಖಾನೆ ತೆರೆದ ಮೇಲೆ ಆತ ತಯಾರಿಸಿದ್ದು ಲೇತ್, ಪ್ಲೇನಿಂಗ್, ಡ್ರಿಲ್ಲಿಂಗ್ ಯಂತ್ರಗಳನ್ನು. ಚೌಕಟ್ಟುಗಳನ್ನು ಪೆಟ್ಟಿಗೆಯಂತೆ ಟೊಳ್ಳಾಗಿ ಎರಕ ಹೊಯ್ದು, ಅಲುಗಾಡದಂತೆ ಗಟ್ಟಿಗೊಳಿಸಿದ. ಮ್ಯಾಂಚೆಸ್ಟರ್ ಬೀದಿಗಳ ಕೊಳಕು ಕಂಡು ಬೇಸತ್ತು ಕುದುರೆ ಎಳೆಯುವ ಕಸ ಗುಡಿಸುವ ಯಂತ್ರವನ್ನೂ ಮಾಡಿದ!

ಅಂದು ಪ್ರತಿ ಕಾರ್ಖಾನೆಗೂ ತನ್ನದೇ ಅಳತೆಯ ತಿರುಪುಮೊಳೆ. ಒಂದೆಡೆಯ ಬೋಲ್ಟ್ ಇನ್ನೊಂದೆಡೆಯ ನಟ್‌ಗೆ ಹತ್ತುತ್ತಿರಲಿಲ್ಲ. ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟ್‌ಗಳನ್ನು ಕಲೆಹಾಕಿ, ಸರಾಸರಿ ತೆಗೆದು, 1841ರಲ್ಲಿ ಏಕರೂಪದ ಥ್ರೆಡ್ ಪದ್ಧತಿಯನ್ನು ಮುಂದಿಟ್ಟ. ಥ್ರೆಡ್‌ನ ಕೋನ 55 ಡಿಗ್ರಿ. ಕಾಲು ಇಂಚಿನ ಬೋಲ್ಟ್‌ಗೆ ಇಂಚಿಗೆ 20 ಸುತ್ತು, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ರೈಲ್ವೆ ಕಂಪನಿಗಳು ಒಪ್ಪಿಕೊಂಡವು, ಉಳಿದವರು ಹಿಂಬಾಲಿಸಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲ ಅಳತೆಯಂತ್ರವನ್ನು ಆತ ಜನರ ಮುಂದಿಟ್ಟ. ಗೆರೆ ನೋಡಿ ಅಳೆಯುವುದಕ್ಕಿಂತ ಎರಡು ಸಮತಟ್ಟು ಮುಖಗಳ ನಡುವಿನ ಸ್ಪರ್ಶದಿಂದ ಅಳೆಯುವುದು ಹೆಚ್ಚು ನಂಬಲರ್ಹ ಎಂಬುದು ಅದರ ತಳಹದಿ.

ಈ ನಿಖರತೆಯೇ ಆತನಿಗೆ ಸೋಲನ್ನೂ ತಂದಿತು. 1854ರಲ್ಲಿ ಬ್ರಿಟಿಷ್ ಸರ್ಕಾರ ಎನ್‌ಫೀಲ್ಡ್ ಬಂದೂಕುಗಳ ತಯಾರಿಕೆಗೆ ಯಂತ್ರಗಳ ಬಗ್ಗೆ ಕೇಳಿತು. 1857ರಲ್ಲಿ ಭಾರತೀಯ ಸಿಪಾಯಿಗಳ ಬಂಡಾಯಕ್ಕೆ ಕಿಡಿಯಾದ ಕೊಬ್ಬು ಸವರಿದ ತೋಟೆಗಳು ಇದೇ ಎನ್‌ಫೀಲ್ಡ್‌ನವು. ನಳಿಕೆ ಹೇಗಿರಬೇಕೆಂಬುದು ಮೊದಲು ಇತ್ಯರ್ಥವಾಗಲಿ ಎಂದ ವಿಟ್‌ವರ್ತ್, ಮನೆಯ ಆವರಣದಲ್ಲಿ 500 ಗಜ ಉದ್ದದ ಗುಂಡು ಹಾರಿಸುವ ಓಣಿಯನ್ನೇ ಕಟ್ಟಿಸಿ ಪ್ರಯೋಗ ನಡೆಸಿದ. ಆರು ಮೂಲೆಯ ನಳಿಕೆಯ ಆತನ ರೈಫಲ್ 1857ರ ಪರೀಕ್ಷೆಗಳಲ್ಲಿ ಎನ್‌ಫೀಲ್ಡನ್ನು ಬಹುದೂರ ಹಿಂದಿಕ್ಕಿತು. ಆದರೂ ಸೇನೆ ಅದನ್ನು ತಿರಸ್ಕರಿಸಿತು. ಕಿರಿದಾದ ನಳಿಕೆ ಮದ್ದಿನ ಮಸಿಯಿಂದ ಬೇಗ ಕಟ್ಟಿಕೊಳ್ಳುತ್ತಿತ್ತು, ಬೆಲೆಯೂ ದುಬಾರಿ. ವಿಟ್‌ವರ್ತ್‌ಗೆ ಇದು ಅನ್ಯಾಯವಾಗಿ ಕಂಡಿತು; ಆದರೆ ಕೆಸರಿನಲ್ಲಿ ನಿಂತು ಗುಂಡು ತುಂಬುವ ಸಿಪಾಯಿಯ ಕಷ್ಟವನ್ನು ಸೇನೆ ಗಣಿಸಿದ್ದು ತಪ್ಪಲ್ಲ. 1860ರಲ್ಲಿ ವಿಂಬಲ್ಡನ್‌ನ ಗುರಿ ಸ್ಪರ್ಧೆಯನ್ನು ರಾಣಿ ವಿಕ್ಟೋರಿಯಾ ಉದ್ಘಾಟಿಸಿದ್ದು ಮಾತ್ರ ವಿಟ್‌ವರ್ತ್ ರೈಫಲ್‌ನಿಂದ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರೂ ಅದನ್ನು ಬಳಸಿದರು.

ಕೂಲಿ ಮೆಕ್ಯಾನಿಕ್ ಆಗಿ ಆರಂಭಿಸಿದ ವಿಟ್‌ವರ್ತ್ 1868ರಲ್ಲಿ ತಲಾ 100 ಪೌಂಡ್‌ಗಳ 30 ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದ. ಪುಸ್ತಕ ಬಲ್ಲವರಿಗೆ ಹತಾರ ಹಿಡಿಯಲು ಬರಬೇಕು, ಹತಾರ ಹಿಡಿದವರಿಗೆ ಗಣಿತ ತಿಳಿದಿರಬೇಕು ಎಂಬುದು ಅದರ ಉದ್ದೇಶ. ಮರುವರ್ಷ ಬ್ಯಾರೊನೆಟ್ ಪದವಿ ಬಂತು. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ಆತ ಕೊನೆಯುಸಿರೆಳೆದ. ಮಕ್ಕಳಿರಲಿಲ್ಲ. ಆಸ್ತಿಯ ಬಹುಭಾಗ ಮ್ಯಾಂಚೆಸ್ಟರ್ ಮತ್ತು ಡರ್ಬಿಶೈರ್‌ನ ಸಾರ್ವಜನಿಕ ಕಾರ್ಯಗಳಿಗೆ ಸಂದಿತು. ಕಂಪನಿ 1897ರಲ್ಲಿ ಆರ್ಮ್‌ಸ್ಟ್ರಾಂಗ್ ಸಂಸ್ಥೆಯೊಂದಿಗೆ ವಿಲೀನವಾಯಿತು.

ಮೆಟ್ರಿಕ್ ಬೋಲ್ಟ್‌ಗಳು ಬಂದ ಮೇಲೆ ವಿಟ್‌ವರ್ತ್ ಬೋಲ್ಟ್ ಬಹುತೇಕ ಮರೆಯಾಗಿದೆ. ಆದರೆ ನೀರಿನ ಪೈಪುಗಳ ಥ್ರೆಡ್ ಮಾತ್ರ ಬದಲಾಗಿಲ್ಲ. ಬೆಂಗಳೂರಿನಲ್ಲಾಗಲಿ ಬೀದರಿನಲ್ಲಾಗಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಳ್ಳುವ ಅರ್ಧ ಇಂಚಿನ ನಲ್ಲಿಯಲ್ಲಿ ಇಂದಿಗೂ ಇಂಚಿಗೆ 14 ಸುತ್ತು. ಅದರ ಕೋನ ವಿಟ್‌ವರ್ತ್ ಗೊತ್ತುಮಾಡಿದ ಅದೇ 55 ಡಿಗ್ರಿ.