ತೇಜಸ್ವಿ ಮತ್ತು ಕನ್ನಡದ ಕಂಪ್ಯೂಟರು

ಪೂರ್ಣಚಂದ್ರ ತೇಜಸ್ವಿ ಅಂದ್ರೆ ನಮಗೆಲ್ಲ ನೆನಪಾಗೋದು ಕರ್ವಾಲೊ, ಹಾರುವ ಓತಿ, ಮೂಡಿಗೆರೆ ಕಾಡು. ಕೊನೆಯ ವರ್ಷಗಳಲ್ಲಿ ಅವರು ಕನ್ನಡ ತಂತ್ರಾಂಶದ ಹಿಂದೆ ಬಿದ್ದಿದ್ದರು ಅನ್ನೋದು ಟಾಲಾ ಕ್ಯಾಂಪಸ್ಸಿನಲ್ಲಿ ಕಂಪ್ಯೂಟಿಂಗ್ ಓದೋ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಕುವೆಂಪು ಅವರ ಹಿರಿಯ ಮಗನಾಗಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದರೂ ಮೇಷ್ಟರಾಗಲಿಲ್ಲ, ಮೂಡಿಗೆರೆ ಕಡೆ ಹೋಗಿ ಕಾಫಿ ತೋಟ ಮಾಡಿದರು. 1980ರಲ್ಲಿ 'ಕರ್ವಾಲೊ' ಬಂತು. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಜೊತೆಗೆ ಹಕ್ಕಿ ಫೋಟೊ, ಮೀನು ಶಿಕಾರಿ, ಕೈಗೆ ಸಿಕ್ಕ ಯಂತ್ರದ ಒಳಗೇನಿದೆ ಅನ್ನೋ ಕುತೂಹಲ. ಕಂಪ್ಯೂಟರನ್ನೂ ಅವರು ಹಾಗೇ ನೋಡಿದ್ದು.

ಆಗಿನ ಕನ್ನಡ ಫಾಂಟುಗಳು ನಿಂತಿದ್ದು ಒಂದು ಉಪಾಯದ ಮೇಲೆ. ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೆ, ಪರದೆ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತು. ಯಾವ ಸಂಖ್ಯೆಗೆ ಯಾವ ತುಂಡು ಅನ್ನೋದು ಒಬ್ಬೊಬ್ಬ ತಯಾರಕರದ್ದು ಒಂದೊಂದು ಲೆಕ್ಕ. ಒಂದರಲ್ಲಿ ಹೊಡೆದ ಪತ್ರ ಇನ್ನೊಂದರಲ್ಲಿ ಬರೀ ಕಸ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ಆದರೆ ವಿಂಡೋಸ್ 98ಕ್ಕೆ ಕನ್ನಡ ಬರ್ತಿರಲಿಲ್ಲ. 2001ರಲ್ಲಿ ಬಂದ ಎಕ್ಸ್‌ಪಿ 'ತುಂಗಾ' ಫಾಂಟನ್ನು ತಂತು. ಅಲ್ಲೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಿ, ಸಿ.ಡಿ. ತುರುಕಬೇಕಿತ್ತು. ಇಲ್ಲದಿದ್ದರೆ ಒತ್ತಕ್ಷರ ಒಡೆದು ಬೀಳ್ತಿತ್ತು. ಅದೇ ಫೈಲು 98ರಲ್ಲಿ ತೆರೆದರೆ ಸಾಲು ಸಾಲು ಚೌಕ! ಒಂದೇ ಕಚೇರಿಯಲ್ಲಿ ಎರಡೂ ಥರದ ಯಂತ್ರ ಇದ್ದಾಗ ಗುಮಾಸ್ತರು ಹಳೇ ಫಾಂಟಿಗೇ ಅಂಟಿಕೊಂಡಿದ್ದು ತಪ್ಪು ಅನ್ನಕ್ಕಾಗಲ್ಲ.

ತೇಜಸ್ವಿ ಇದನ್ನು ಬರೀ ಟೈಪಿಂಗ್ ತೊಂದರೆ ಅಂತ ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಕೆಲಸಕ್ಕೆ ಬಾರದ ಭಾಷೆ ಮುಂದೆ ಬಳಕೆಯಿಂದಲೇ ಹೋಗುತ್ತೆ ಅನ್ನೋದು ಅವರ ಆತಂಕ. ಸಿಕ್ಕ ವೇದಿಕೆಯಲ್ಲೆಲ್ಲ ಇದನ್ನೇ ಎತ್ತಿದರು, ಸರ್ಕಾರದ ಬೆನ್ನು ಹತ್ತಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ತಂತ್ರಾಂಶ ಹೊರತಂದಿತು. ಇನ್ನೊಂದು ತಂತ್ರಾಂಶ ಬಂದ ಮಾತ್ರಕ್ಕೆ ಗೊಂದಲ ಮುಗಿಯಲಿಲ್ಲ, ನಿಜ. ಆದರೆ ಕೀಲಿಮಣೆ, ಫಾಂಟುಗಳ ಮಾತನ್ನು ಸಾಹಿತ್ಯದ ಸಭೆಗೆ ಎಳೆದು ತರೋದಕ್ಕೆ ಅಂಥ ದೊಡ್ಡ ಲೇಖಕರೇ ಬೇಕಿತ್ತು ಅಂತ ನನಗನಿಸುತ್ತೆ.

2007ರ ಏಪ್ರಿಲ್ 5ರಂದು ಮೂಡಿಗೆರೆಯಲ್ಲಿ ತೀರಿಕೊಂಡರು. ಟಿಕ್ ಹಾಕದೆಯೇ ಕನ್ನಡ ಕೂಡಿಸಿ ತೋರಿಸುವ ವಿಂಡೋಸ್ ವಿಸ್ಟಾ ಅಂಗಡಿಗೆ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು.

ಹಳೇ ಫೈಲುಗಳು ಮಾತ್ರ ಇನ್ನೂ ಇವೆ. ಈ ಪುಸ್ತಿಕೆಗೆ ಊರಿಂದ ಬಂದ ಒಂದು ಲೇಖನ ಹಳೇ ಫಾಂಟಿನಲ್ಲಿತ್ತು. ಪರಿವರ್ತಕಕ್ಕೆ ಹಾಕಿದ್ವಿ, ಮುಕ್ಕಾಲು ಪಾಲು ಸರಿಬಂತು. ಅರ್ಕಾವೊತ್ತುಗಳನ್ನು ಕೂತು ಕೈಯಲ್ಲೇ ತಿದ್ದಿದ್ದೇವೆ.