ಧ್ರುವದ ಲಾಯದಲ್ಲಿ ಕ್ಯಾಪ್ಟನ್ ಓಟ್ಸ್

ದಕ್ಷಿಣ ಧ್ರುವದಿಂದ ಮರಳುವ ಹಾದಿಯಲ್ಲಿ ಸಂಗಾತಿಗಳಿಗೆ ಹೊರೆಯಾಗಬಾರದೆಂದು ಡೇರೆಯಿಂದ ಹೊರಬಿದ್ದು, ಹಿಮಬಿರುಗಾಳಿಯಲ್ಲಿ ಕಣ್ಮರೆಯಾದವನು ಎಂಬುದಷ್ಟೇ ಕ್ಯಾಪ್ಟನ್ ಲಾರೆನ್ಸ್ ಓಟ್ಸ್ ಬಗ್ಗೆ ಬಹುತೇಕರಿಗೆ ತಿಳಿದಿರುವ ಸಂಗತಿ. ಕೆಲವೇ ನಿಮಿಷಗಳ ಆ ನಡಿಗೆ ಆತನ ಹೆಸರನ್ನು ಚಿರಸ್ಥಾಯಿಗೊಳಿಸಿತು. ಆದರೆ ರಾಬರ್ಟ್ ಫಾಲ್ಕನ್ ಸ್ಕಾಟ್ ತನ್ನ ಅನ್ವೇಷಣಾ ತಂಡಕ್ಕೆ ಓಟ್ಸ್‌ನನ್ನು ಸೇರಿಸಿಕೊಂಡಿದ್ದು ಕುದುರೆಗಳನ್ನು ನೋಡಿಕೊಳ್ಳಲು. ಸುಮಾರು ಒಂದು ವರ್ಷ ಕಾಲ ಆತ ಮಾಡಿದ ಆ ಚಾಕರಿಯ ಕಥೆ ಅಂತಿಮ ನಡಿಗೆಯ ನೆರಳಿನಲ್ಲಿ ಮಸುಕಾಗಿಬಿಟ್ಟಿದೆ.

1880ರ ಮಾರ್ಚ್ 17ರಂದು ಲಂಡನ್ನಿನ ಪಟ್ನಿಯಲ್ಲಿ ಓಟ್ಸ್ ಜನಿಸಿದ. ಮನೆತನ ಶ್ರೀಮಂತವಾದದ್ದು, ಎಸೆಕ್ಸ್‌ನ ಗೆಸ್ಟಿಂಗ್‌ಥಾರ್ಪ್‌ನಲ್ಲಿ ಬಂಗಲೆ, ಜಮೀನು ಇದ್ದವು. ಈಟನ್ ಶಾಲೆಗೆ ಸೇರಿದನಾದರೂ ಅನಾರೋಗ್ಯದಿಂದಾಗಿ ಹೆಚ್ಚು ಕಾಲ ಅಲ್ಲಿರಲಿಲ್ಲ. 1900ರಲ್ಲಿ ಇನಿಸ್ಕಿಲಿಂಗ್ ಡ್ರಗೂನ್ಸ್ ಎಂಬ ಅಶ್ವದಳವನ್ನು ಸೇರಿ ಬೋಯರ್ ಯುದ್ಧಕ್ಕೆಂದು ದಕ್ಷಿಣ ಆಫ್ರಿಕಕ್ಕೆ ತೆರಳಿದ. 1901ರ ಮಾರ್ಚ್‌ನಲ್ಲಿ ಗುಂಡೊಂದು ಎಡತೊಡೆಯ ಮೂಳೆಯನ್ನು ಪುಡಿಮಾಡಿತು. ಶರಣಾಗುವಂತೆ ಶತ್ರುಗಳು ಹೇಳಿ ಕಳುಹಿಸಿದರೂ ಆತ ಒಪ್ಪಲಿಲ್ಲ. ಮೂಳೆ ಕೂಡಿಕೊಂಡಾಗ ಎಡಗಾಲು ಬಲಗಾಲಿಗಿಂತ ಒಂದು ಅಂಗುಲ ಗಿಡ್ಡವಾಗಿತ್ತು.

ಬಳಿಕ ಐರ್ಲೆಂಡ್, ಈಜಿಪ್ಟ್‌ಗಳಲ್ಲಿ ಸೇವೆ ಸಲ್ಲಿಸಿ ಆತ ಭಾರತಕ್ಕೆ ಬಂದ. ಇಲ್ಲಿ ಇದ್ದದ್ದು ಇಂದಿನ ಮಧ್ಯಪ್ರದೇಶದ ಮ್ಹೌ ದಂಡುಪ್ರದೇಶದಲ್ಲಿ, ಅಂದರೆ ಬಾಬಾಸಾಹೇಬ್ ಅಂಬೇಡ್ಕರ್ ಜನಿಸಿದ ಊರಿನಲ್ಲಿ. ಬೇಟೆನಾಯಿಗಳನ್ನು ಸಾಕುವುದು, ಕುದುರೆಗಳನ್ನು ಪಳಗಿಸುವುದು ಆತನಿಗೆ ಹಿಡಿಸಿತ್ತು. ಶಾಂತಿಕಾಲದ ಸೈನಿಕ ಜೀವನ ಮಾತ್ರ ಬೇಸರ ತರಿಸಿತ್ತು. ಸ್ಕಾಟ್ ಧ್ರುವಯಾತ್ರೆಗೆ ಸಿದ್ಧನಾಗುತ್ತಿರುವ ಸುದ್ದಿ ತಿಳಿದು 1910ರಲ್ಲಿ ಅರ್ಜಿ ಸಲ್ಲಿಸಿದ. ಜೊತೆಗೆ ಒಂದು ಸಾವಿರ ಪೌಂಡ್ ವಂತಿಗೆಯನ್ನೂ ನೀಡಿದ. ಕುದುರೆಯ ಆಹಾರದ ಹೆಸರನ್ನೇ ಮನೆತನದ ಹೆಸರಾಗಿ ಪಡೆದವನು ಕುದುರೆಗಳ ಉಸ್ತುವಾರಿಗೆ ನೇಮಕಗೊಂಡ.

ವಿಚಿತ್ರವೆಂದರೆ, ಕುದುರೆಗಳನ್ನು ಆರಿಸುವ ಕೆಲಸ ಮಾತ್ರ ಕುದುರೆ ಬಲ್ಲವನಿಗೆ ಸಿಗಲಿಲ್ಲ. ನಾಯಿಗಳ ವಿಷಯದಲ್ಲಿ ಪರಿಣತನಾಗಿದ್ದ ಸೆಸಿಲ್ ಮಿಯರ್ಸ್ ಮಂಚೂರಿಯಕ್ಕೆ ಹೋಗಿ ಪೋನಿಗಳನ್ನು, ಅಂದರೆ ಗಿಡ್ಡ ತಳಿಯ ಕುದುರೆಗಳನ್ನು ಕೊಂಡು ತಂದ. ಬಿಳಿಯ ಬಣ್ಣದವೇ ಬೇಕೆಂಬುದು ಸ್ಕಾಟ್‌ನ ಅಪ್ಪಣೆ. ಹಿಂದಿನ ಶ್ಯಾಕಲ್ಟನ್ ಯಾತ್ರೆಯಲ್ಲಿ ಕಪ್ಪು ಕುದುರೆಗಳು ಮೊದಲು ಸತ್ತು ಬಿಳಿಯವು ಉಳಿದಿದ್ದವೆಂಬುದೇ ಇದಕ್ಕೆ ಆಧಾರ. ಬಣ್ಣಕ್ಕೆ ಮಣೆ ಹಾಕಿದಾಗ ವಯಸ್ಸು, ಕಾಲು, ಉಸಿರು ಇವೆಲ್ಲ ಹಿಂದೆ ಸರಿದವು. ನ್ಯೂಜಿಲೆಂಡ್‌ನಲ್ಲಿ ಅವುಗಳನ್ನು ಮೊದಲ ಬಾರಿ ಕಂಡ ಓಟ್ಸ್ ದಿಗಿಲುಗೊಂಡ. ಮುದಿಯಾದವು, ಕುಂಟುವವು, ಚರ್ಮರೋಗ ಹತ್ತಿದವು ಅಲ್ಲಿದ್ದವು. ಹಡಗಿಗೆ ಹೇರಿದ್ದ ಮೇವೂ ಸಾಲದೆಂದು ತೋರಿದಾಗ ತನ್ನ ಕಿಸೆಯಿಂದಲೇ ಹೆಚ್ಚುವರಿ ಮೇವು ಕೊಂಡು ಸದ್ದಿಲ್ಲದೆ ಹಡಗೇರಿಸಿದ.

1910ರ ನವೆಂಬರ್ ಕೊನೆಯಲ್ಲಿ ಟೆರಾ ನೋವಾ ಹಡಗು ನ್ಯೂಜಿಲೆಂಡ್ ಬಿಟ್ಟಿತು. ಹಡಗಿನಲ್ಲಿ 19 ಕುದುರೆಗಳಿದ್ದವು. 15 ಮುಂಭಾಗದ ಅಟ್ಟದ ಕೆಳಗೆ, 4 ತೆರೆದ ಮೇಲ್ದಳದ ಮೇಲೆ. ಡಿಸೆಂಬರ್ ಆರಂಭದಲ್ಲಿ ಭಾರೀ ಬಿರುಗಾಳಿ ಎರಗಿತು. ಕುದುರೆಗೆ ವಾಂತಿ ಮಾಡಲಾಗದು. ಕಡಲಬೇನೆ ಬಂದರೆ ಅನುಭವಿಸುವುದೊಂದೇ ದಾರಿ. ಕುಸಿದು ಬಿದ್ದವುಗಳನ್ನು ಎತ್ತಿ ನಿಲ್ಲಿಸುತ್ತ ಓಟ್ಸ್ ರಾತ್ರಿಯೆಲ್ಲ ಅವುಗಳ ನಡುವೆಯೇ ನಿಂತಿದ್ದ. ಎರಡು ಸತ್ತವು. ವಾರಗಟ್ಟಲೆ ಮಲಗದೆ ನಿಂತೇ ಸಾಗಿಬಂದ 17 ಕುದುರೆಗಳು 1911ರ ಜನವರಿಯಲ್ಲಿ ಕೇಪ್ ಇವಾನ್ಸ್ ಎಂಬಲ್ಲಿ ಅಂಟಾರ್ಕ್ಟಿಕಾದ ನೆಲ ಮುಟ್ಟಿದವು.

ಮಂಗೋಲಿಯ, ಮಂಚೂರಿಯಗಳ ಪೋನಿಗಳು ಅರೆಕಾಡು ಪ್ರಾಣಿಗಳಂತೆ ಬಯಲಿನಲ್ಲೇ ಚಳಿಗಾಲ ಕಳೆಯಬಲ್ಲವು. ಅವಕ್ಕೆ ದಟ್ಟವಾದ ತುಪ್ಪಳವಿದೆ. ಗೊರಸಿನಿಂದ ಹಿಮವನ್ನು ಕೆದರಿ ಕೆಳಗಿನ ಹುಲ್ಲನ್ನು ಹುಡುಕಿ ತಿನ್ನುತ್ತವೆ. ತಿಂದ ನಾರು ದೊಡ್ಡಕರುಳಿನಲ್ಲಿ ನಿಧಾನವಾಗಿ ಹುದುಗುವಾಗ ಹುಟ್ಟುವ ಶಾಖವೇ ಅವುಗಳ ಒಳಗಿನ ಒಲೆ. ಗಾಳಿ ಬೀಸಿದರೆ ಬೆನ್ನು ಕೊಟ್ಟು ನಿಲ್ಲುತ್ತವೆ, ಇಲ್ಲವೇ ದಿಬ್ಬದ ಮರೆಗೆ ಸರಿಯುತ್ತವೆ. ಅಂಟಾರ್ಕ್ಟಿಕಾದ ಹಿಮಬಯಲಿನಲ್ಲಿ ಈ ಯಾವ ಉಪಾಯವೂ ನಡೆಯದು. ಅಲ್ಲಿ ಹಿಮದ ಕೆಳಗೆ ಹಿಮವೇ. ಮರೆಗೆ ದಿಬ್ಬವಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಬೆವರಿನದು. ನಾಯಿ ಬಾಯಿಯಿಂದ ತೇಕಿ ಮೈ ತಂಪು ಮಾಡಿಕೊಳ್ಳುತ್ತದೆ. ಭಾರ ಎಳೆದ ಕುದುರೆಯ ಇಡೀ ಮೈ ಬೆವರುತ್ತದೆ. ನಿಂತೊಡನೆ ಆ ಬೆವರು ತುಪ್ಪಳದಲ್ಲೇ ಹೆಪ್ಪುಗಟ್ಟುತ್ತದೆ. ಅದೇ ಧ್ರುವದತ್ತ ಹೊರಟಿದ್ದ ನಾರ್ವೆಯ ಅಮುಂಡ್‌ಸೆನ್ ನಾಯಿಗಳನ್ನೇ ನಂಬಿದ್ದು ಸರಿಯಾದ ಲೆಕ್ಕಾಚಾರವೆಂದೇ ಹೇಳಬೇಕು.

ಈ ಸತ್ಯ ಬೇಗನೆ ಬಯಲಾಯಿತು. ಧ್ರುವಮಾರ್ಗದಲ್ಲಿ ಆಹಾರದ ದಾಸ್ತಾನುಗಳನ್ನು ಇಟ್ಟುಬರಲು ಜನವರಿ ಅಂತ್ಯದಲ್ಲಿ 8 ಕುದುರೆಗಳು ಹೊರಟವು. ಹಿಮಗಾಳಿಗೆ ಸಿಕ್ಕಿ ಅವು ದಿನದಿನಕ್ಕೆ ಸೊರಗಿದವು. ಮುಖ್ಯ ದಾಸ್ತಾನು 80ನೇ ಡಿಗ್ರಿ ಅಕ್ಷಾಂಶದಲ್ಲಿ ಆಗಬೇಕಿತ್ತು. ಬದುಕುವ ಭರವಸೆಯಿಲ್ಲದ ಕುದುರೆಗಳನ್ನು ಅಲ್ಲಿಯವರೆಗೂ ನಡೆಸಿ, ಕೊಂದು, ಮಾಂಸವನ್ನು ಮುಂದಿನ ವರ್ಷಕ್ಕೆ ಇಟ್ಟುಬಿಡೋಣವೆಂದು ಓಟ್ಸ್ ಸೂಚಿಸಿದ. ಪ್ರಾಣಿಹಿಂಸೆಯನ್ನು ಕಾಣಲಾಗದ ಸ್ಕಾಟ್ ಒಪ್ಪಲಿಲ್ಲ. ಫೆಬ್ರುವರಿ 17ರಂದು ಸುಮಾರು 55 ಕಿ.ಮೀ. ಹಿಂದೆಯೇ ದಾಸ್ತಾನು ಇಳಿಸಿ ಮರಳಿದರು. ಉಳಿಸಬೇಕೆಂದಿದ್ದ ಕುದುರೆಗಳಾದರೂ ಉಳಿದವೇ? ಕೆಲವು ದಣಿದು ಸತ್ತವು. ಕೆಲವು ಕಡಲ ಮೇಲಿನ ಮಂಜುಗಡ್ಡೆ ಒಡೆದಾಗ ನಾಶವಾದವು. ಎಂಟರಲ್ಲಿ ಎರಡು ಮಾತ್ರ ಹಿಂತಿರುಗಿದವು.

ಏಪ್ರಿಲ್ ಕೊನೆಯಲ್ಲಿ ಸೂರ್ಯ ಮುಳುಗಿದ. ಮತ್ತೆ ಮೂಡಿದ್ದು ಆಗಸ್ಟ್ ಉತ್ತರಾರ್ಧದಲ್ಲಿ. ಆ ಕತ್ತಲೆಯ ನಾಲ್ಕು ತಿಂಗಳು ಹತ್ತು ಕುದುರೆಗಳು ಓಟ್ಸ್‌ನ ಕೈಯಲ್ಲಿದ್ದವು. ಮರದ ಮನೆಯ ಪಕ್ಕದಲ್ಲಿ, ಗಾಳಿಯ ಮರೆಯ ಬದಿಗೆ, ಮೇವಿನ ಪಿಂಡಿಗಳನ್ನೇ ಗೋಡೆಯಾಗಿ ಪೇರಿಸಿ ಲಾಯ ಕಟ್ಟಿದ್ದರು. ಒಂದು ಮೂಲೆಯಲ್ಲಿ ಸೀಲ್ ಪ್ರಾಣಿಯ ಕೊಬ್ಬನ್ನು ಉರಿಸುವ ಒಲೆ. ಅದರ ಮೇಲೆ ತೌಡಿನ ಗಂಜಿ ಕುದಿಯುತ್ತಿತ್ತು. ಮಸಿ, ಹೊಗೆ, ಕೊಬ್ಬಿನ ವಾಸನೆಯ ನಡುವೆ ಓಟ್ಸ್ ದಿನದ ಬಹುಪಾಲು ಕಳೆಯುತ್ತಿದ್ದ. ಉಕ್ರೇನಿನ ಆಂಟನ್ ಒಮೆಲ್‌ಚೆಂಕೊ ಎಂಬ ಕುದುರೆ ಆಳು ಆತನ ಬಲಗೈ. ಪ್ರತಿ ಕುದುರೆಯನ್ನೂ ತಂಡದ ಒಬ್ಬೊಬ್ಬರಿಗೆ ಒಪ್ಪಿಸಿ, ಗಾಳಿ ತಗ್ಗಿದ ಹೊತ್ತಿನಲ್ಲಿ ಹೆಪ್ಪುಗಟ್ಟಿದ ಕಡಲ ಮೇಲೆ ನಡೆದಾಡಿಸುವ ವ್ಯವಸ್ಥೆಯಾಯಿತು. ಹೇನು ಹತ್ತಿದಾಗ ತಂಬಾಕಿನ ಕಷಾಯದಿಂದ ತೊಳೆದದ್ದೂ ಉಂಟು. ಹಿಂಡಿ ಮತ್ತು ಧಾನ್ಯವನ್ನು ಈಗಲೇ ಮುಗಿಸದೆ ವಸಂತದ ದುಡಿಮೆಗೆ ಉಳಿಸಬೇಕಿತ್ತು. ಹೊಟ್ಟೆ ತುಂಬಿಸಬೇಕು, ಮೈ ಹಿಡಿಸಬೇಕು, ಉಗ್ರಾಣ ಬರಿದಾಗಬಾರದು. ಯಾವ ರೈತನಿಗಾದರೂ ಅರ್ಥವಾಗುವ ಲೆಕ್ಕವಿದು.

ನಡುಚಳಿಗಾಲದಲ್ಲಿ ಬೋನ್ಸ್ ಎಂಬ ಕುದುರೆಗೆ ಹೊಟ್ಟೆನೋವು ಬಂತು. ಮೇವು ಮುಟ್ಟದೆ ಬಿದ್ದು ಒದ್ದಾಡತೊಡಗಿತು. ಅಫೀಮಿನ ಗುಳಿಗೆ ನುಂಗಿಸಿ, ಬಿಸಿಮಾಡಿದ ಗೋಣಿಗಳನ್ನು ಮೈಗೆ ಹೊದಿಸಿ ಓಟ್ಸ್ ಗಂಟೆಗಟ್ಟಲೆ ಕಾದ. ಅರ್ಧ ಹುದುಗಿದ ಹುಲ್ಲಿನ ಸಣ್ಣ ಉಂಡೆಯೊಂದು ಹೊರಬಿದ್ದ ಮೇಲೆ ಅದು ಚೇತರಿಸಿತು. ಇನ್ನು ಕ್ರಿಸ್ಟೋಫರ್‌ನದು ಬೇರೆಯೇ ಕಥೆ. ಕಚ್ಚುವುದು, ಒದೆಯುವುದು ಅದರ ಸ್ವಭಾವ. ಮುಂಗಾಲು ಕಟ್ಟಿ ಮಂಡಿಯೂರಿಸಿದ ಮೇಲೆಯೇ ನಾಲ್ಕು ಮಂದಿ ಸೇರಿ ಜಾರುಬಂಡಿಗೆ ಹೂಡಬೇಕು. ಒಮ್ಮೆ ಹೊರಟರೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಹೂಡಲಾಗದು. ಅದನ್ನು ಓಟ್ಸ್ ಇನ್ನೊಬ್ಬರಿಗೆ ಒಪ್ಪಿಸದೆ ತಾನೇ ಇಟ್ಟುಕೊಂಡ.

ಮಾತು ಕಡಿಮೆ, ಬಟ್ಟೆ ಹಳೆಯದು, ಮಂಚದ ಬಳಿ ನೆಪೋಲಿಯನ್‌ನ ಚಿತ್ರ. ಇದು ಮನೆಯೊಳಗಿನ ಓಟ್ಸ್. ಚಳಿಗಾಲದ ಉಪನ್ಯಾಸಮಾಲೆಯಲ್ಲಿ ಕುದುರೆ ಪಾಲನೆಯ ಬಗ್ಗೆ ಮಾತನಾಡಿ ಎಲ್ಲರನ್ನೂ ನಗಿಸಿದನೆಂಬುದು ಜೊತೆಗಾರರಿಗೂ ಅಚ್ಚರಿಯಾಗಿತ್ತು. ತಾಯಿಗೆ ಬರೆದ ಪತ್ರಗಳಲ್ಲಿ ಸ್ಕಾಟ್ ಬಗೆಗಿನ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಆದರೆ ಆ ಸಿಟ್ಟು ಕೆಲಸದೊಳಗೆ ಸುಳಿಯಲಿಲ್ಲ.

ಕುದುರೆಗಳು ತಡೆಯಲಾರವೆಂಬ ಕಾರಣಕ್ಕೆ ಯಾತ್ರೆ ನವೆಂಬರ್ 1ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅಮುಂಡ್‌ಸೆನ್ ಹೊರಟು ಹತ್ತು ದಿನಗಳ ಮೇಲಾಗಿತ್ತು. ವಿಶ್ರಾಂತಿಯ ಹೊತ್ತು ಬಿಸಿಲು ಸಿಗಲೆಂದು ರಾತ್ರಿ ನಡೆದು ಹಗಲು ತಂಗಿದರು. ಪ್ರತಿ ತಂಗುದಾಣದಲ್ಲೂ ಮೊದಲು ಕುದುರೆಗಳಿಗೆ ಹಿಮದ ಗೋಡೆ, ಆಮೇಲೆ ಮನುಷ್ಯರಿಗೆ ಊಟ. ಈ ಉಪಚಾರದ ಕೊನೆ ಏನೆಂಬುದು ಓಟ್ಸ್‌ಗೆ ಮೊದಲೇ ಗೊತ್ತಿತ್ತು. ದುಡಿಯಲಾರದಾದಾಗ ಒಂದೊಂದನ್ನೂ ಕೊಂದು ಮಾಂಸವನ್ನು ಮನುಷ್ಯರಿಗೂ ನಾಯಿಗಳಿಗೂ ಹಂಚಬೇಕಿತ್ತು. ನವೆಂಬರ್ 24ರಂದು ಮೊದಲ ಗುಂಡು ಹಾರಿತು. ನಾಲ್ಕು ದಿನಗಳ ಹಿಮಗಾಳಿಯ ನಂತರ, ಡಿಸೆಂಬರ್ 9ರಂದು, ಬಿಯರ್ಡ್‌ಮೋರ್ ಹಿಮನದಿಯ ಬುಡದಲ್ಲಿ ಕೊನೆಯ ಐದನ್ನೂ ಕೊಲ್ಲಲಾಯಿತು. ಒಂದು ವರ್ಷದ ಹಿಂದೆ ನಿಷ್ಪ್ರಯೋಜಕವೆಂದು ತಾನೇ ಜರೆದಿದ್ದ ಪ್ರಾಣಿಗಳನ್ನು ಓಟ್ಸ್ ಅಲ್ಲಿಯವರೆಗೆ ತಲುಪಿಸಿದ್ದ. ಸ್ಕಾಟ್ ಕೃತಜ್ಞತೆ ಹೇಳಿದ.

ಕುದುರೆಗಳಿಲ್ಲದ ಮೇಲೂ ಓಟ್ಸ್ ಮುಂದೆ ನಡೆದ. ಧ್ರುವ ತಲುಪುವ ಐವರಲ್ಲಿ ಒಬ್ಬನಾಗಿ ಆಯ್ಕೆಯಾದ. 1912ರ ಜನವರಿ 17ರಂದು ಅವರು ತಲುಪಿದಾಗ ಅಮುಂಡ್‌ಸೆನ್ ಬಂದು ಹೋಗಿ ತಿಂಗಳು ಕಳೆದಿತ್ತು. ಹಿಂದಿರುಗುವಾಗ ಫೆಬ್ರುವರಿಯಲ್ಲಿ ಎಡ್ಗರ್ ಇವಾನ್ಸ್ ಸತ್ತ. ಹಿಮಕಡಿತದಿಂದ ಓಟ್ಸ್‌ನ ಪಾದಗಳು ಸತ್ತುಹೋಗಿದ್ದವು. ಮಾರ್ಚ್ 16 ಅಥವಾ 17ರಂದು, ಎಂದರೆ 32ನೇ ಹುಟ್ಟುಹಬ್ಬದ ಹೊತ್ತಿಗೆ, ತುಸು ಹೊರಗೆ ಹೋಗಿಬರುವುದಾಗಿ ತಿಳಿಸಿ ಡೇರೆ ಬಿಟ್ಟ. ಉಳಿದ ಮೂವರು ಮುಖ್ಯ ದಾಸ್ತಾನಿಗೆ ಸುಮಾರು 20 ಕಿ.ಮೀ. ಇರುವಾಗ ಹಿಮಗಾಳಿಗೆ ಸಿಕ್ಕಿ ಅಲ್ಲೇ ಮಡಿದರು. ಓಟ್ಸ್ ಹೇಳಿದಂತೆ ಅದು 80ನೇ ಡಿಗ್ರಿಯಲ್ಲಿದ್ದಿದ್ದರೆ ಆ ಮೂವರು ಅದನ್ನು ಆಗಲೇ ದಾಟಿ ಬಂದಿರುತ್ತಿದ್ದರು.

ಈ ಕಥೆಗೆ ಭಾರತದ ಇನ್ನೊಂದು ಕೊಂಡಿಯಿದೆ. ಎರಡನೇ ವರ್ಷಕ್ಕೆ ಹಿಮಾಲಯದ ಹೇಸರಗತ್ತೆಗಳು ಸೂಕ್ತವೆಂದು ಸೂಚಿಸಿದವನು ಓಟ್ಸ್. ಅದರಂತೆ ಭಾರತ ಸರ್ಕಾರ ಶಿಮ್ಲಾದಲ್ಲಿ ತರಬೇತಾದ ಏಳು ಹೇಸರಗತ್ತೆಗಳನ್ನು ಕಳುಹಿಸಿತು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹೇಬ್ ಎಂಬುವು ಅವುಗಳ ಹೆಸರು. ಕಂಬಳಿ, ಹಿಮಪಾದುಕೆ, ಕಣ್ಣಿಗೆ ಬಣ್ಣದ ಕನ್ನಡಕ ಎಲ್ಲವೂ ಜೊತೆಗಿದ್ದವು. 1912ರ ಆರಂಭದಲ್ಲಿ ಅವು ಬಂದಿಳಿದಾಗ ಓಟ್ಸ್ ಇನ್ನೂ ಧ್ರುವದಿಂದ ಮರಳುವ ದಾರಿಯಲ್ಲಿದ್ದ. ಆತ ಅವುಗಳನ್ನು ನೋಡಲೇ ಇಲ್ಲ. ಆತನ ಲಾಯದಲ್ಲಿ ಚಳಿಗಾಲ ಕಳೆದ ಅವು ಅಕ್ಟೋಬರ್ ಕೊನೆಯಲ್ಲಿ ಶೋಧತಂಡದ ಜಾರುಬಂಡಿಗಳನ್ನು ಎಳೆದುಕೊಂಡು ಹೊರಟವು. ನವೆಂಬರ್ 12ರಂದು ಸ್ಕಾಟ್‌ನ ಡೇರೆ ಸಿಕ್ಕಿತು. ಓಟ್ಸ್‌ನ ದೇಹಕ್ಕಾಗಿ ತಂಡ ಇನ್ನೂ ದಕ್ಷಿಣಕ್ಕೆ ನಡೆಯಿತು. ಸಿಕ್ಕಿದ್ದು ಆತನ ಮಲಗುಚೀಲ, ಮತ್ತು ಊದಿದ ಕಾಲು ತೂರಿಸಲೆಂದು ಮುಂಭಾಗ ಸೀಳಿದ್ದ ಒಂದು ತುಪ್ಪಳದ ಪಾದರಕ್ಷೆ. ಅಲ್ಲೊಂದು ಹಿಮದ ಗೋಪುರ ಕಟ್ಟಿ, ಶಿಲುಬೆ ನೆಟ್ಟು ಹಿಂತಿರುಗಿದರು.