ಐರನ್ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಯಾಕಿದೆ? ಲೂಸಿ ವಿಲ್ಸ್ ಅವರ ಕಥೆ

ಸುಸ್ತಾಗುತ್ತಿದೆ, ಮುಖ ಬಿಳಿಚಿಕೊಂಡಿದೆ ಅಂದರೆ ಕಬ್ಬಿಣಾಂಶ ಕಡಿಮೆಯಾಗಿದೆ, ಒಂದು ಒಳ್ಳೆಯ ಐರನ್ ಟಾನಿಕ್ ಕುಡಿದರೆ ಸಾಕು ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಇದು ಅರ್ಧ ಸತ್ಯ. ಉಳಿದರ್ಧವನ್ನು ಹುಡುಕಿಕೊಟ್ಟವರು ನಮ್ಮ ಮುಂಬೈಯಲ್ಲಿ ಕೆಲಸ ಮಾಡಿದ ವೈದ್ಯೆ ಲೂಸಿ ವಿಲ್ಸ್. ಅವರ ಬದುಕನ್ನು ಇವತ್ತು ತಿಳಿದುಕೊಳ್ಳೋಣ.

ಲೂಸಿ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನಲ್ಲಿ. ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಆದರೆ ಆ ವಿಶ್ವವಿದ್ಯಾಲಯ ಆಗ ಹೆಣ್ಣುಮಕ್ಕಳಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ! ಮೊದಲ ಮಹಾಯುದ್ಧದ ಹೊತ್ತಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನರ್ಸ್ ಆಗಿ ಸೇವೆ ಮಾಡಿದರು. ಆಮೇಲೆ ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜು ಸೇರಿ 1920ರಲ್ಲಿ ಡಾಕ್ಟರ್ ಆದರು.

1928ರಲ್ಲಿ ಅವರು ಭಾರತಕ್ಕೆ ಬಂದರು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರಲ್ಲಿ ಭೀಕರ ರಕ್ತಹೀನತೆ ಕಾಣಿಸಿಕೊಂಡು, ಜೀವಕ್ಕೇ ಕುತ್ತು ಬರುತ್ತಿತ್ತು. ಹಾಫ್ಕಿನ್ ಸಂಸ್ಥೆಯಲ್ಲಿ ಕುಳಿತು ಲೂಸಿ ಅದರ ಕಾರಣ ಹುಡುಕತೊಡಗಿದರು. ಮೊದಲು ರೋಗಾಣುಗಳಿಗಾಗಿ ಹುಡುಕಿದರು, ಅದರಲ್ಲಿ ಉತ್ತರ ಸಿಗಲಿಲ್ಲ. ನಂತರ ಆ ಹೆಂಗಸರು ಏನು ಊಟ ಮಾಡುತ್ತಾರೆ ಎಂದು ವಿಚಾರಿಸಿದರು. ಹಣ್ಣು, ತರಕಾರಿ, ಹಾಲು ಕಡಿಮೆಯಿದ್ದ ಬಡವರ ಮನೆಗಳಲ್ಲೇ ಕಾಯಿಲೆ ಹೆಚ್ಚಾಗಿತ್ತು.

ಇಲ್ಲೊಂದು ಮುಖ್ಯ ವಿಷಯ ಗಮನಿಸಿ. ಕಬ್ಬಿಣಾಂಶ ಕಡಿಮೆಯಾದರೆ ಕೆಂಪು ರಕ್ತಕಣಗಳು ಚಿಕ್ಕದಾಗಿ, ಬಣ್ಣಗೆಟ್ಟು ಕಾಣುತ್ತವೆ. ಈ ಗರ್ಭಿಣಿಯರ ರಕ್ತಕಣಗಳು ಸಾಮಾನ್ಯಕ್ಕಿಂತ ದೊಡ್ಡದಾಗಿದ್ದವು. ಅಂದರೆ ಕೊರತೆ ಇದ್ದದ್ದು ಬೇರೆ ಯಾವುದೋ ಅಂಶದ್ದು. ಅಂಥವರಿಗೆ ಕಬ್ಬಿಣ ಎಷ್ಟೇ ಕೊಟ್ಟರೂ ಆ ಕೊರತೆ ತುಂಬುವುದಿಲ್ಲ.

ಇಲಿ ಮತ್ತು ಕೋತಿಗಳ ಮೇಲೂ ಲೂಸಿ ಪ್ರಯೋಗ ಮಾಡಿದರು. ಕೊನೆಗೆ ಕೆಲಸಕ್ಕೆ ಬಂದದ್ದು ಮಾರ್ಮೈಟ್. ಇದು ಯೀಸ್ಟ್‌ನಿಂದ ಮಾಡುವ, ಬ್ರಿಟನ್ನಿನಲ್ಲಿ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಅಗ್ಗದ ಪದಾರ್ಥ! ಅದನ್ನು ಕೊಟ್ಟಾಗ ಗರ್ಭಿಣಿಯರು ಚೇತರಿಸಿಕೊಂಡರು. 1931ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದರಲ್ಲಿದ್ದ ಅಂಶ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಅದಕ್ಕೆ ವಿಲ್ಸ್ ಫ್ಯಾಕ್ಟರ್ ಎಂಬ ಹೆಸರು ಬಂತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಎಂದು ಕರೆದರು.

ಹಾಗೆಂದು ಲೂಸಿ ಕಬ್ಬಿಣವನ್ನು ಕಡೆಗಣಿಸಲಿಲ್ಲ. ಎರಡನೇ ಮಹಾಯುದ್ಧದ ಪಡಿತರದ ಕಾಲದಲ್ಲಿ ಬ್ರಿಟನ್ನಿನ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಮೇಲೆ ಏನು ಪರಿಣಾಮವಾಗುತ್ತದೆ ಎಂದೂ ಅಧ್ಯಯನ ಮಾಡಿ, 1947ರಲ್ಲಿ ಪ್ರಕಟಿಸಿದರು. ಅವರು 1964ರಲ್ಲಿ ತೀರಿಕೊಂಡರು. ಗರ್ಭ ಧರಿಸುವ ಮೊದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹಳಷ್ಟು ತಡೆಯಬಹುದು ಎಂದು 1991ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. ಅದನ್ನು ನೋಡಲು ಅವರು ಇರಲಿಲ್ಲ.

ಇವತ್ತು ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುವುದು ಇದೇ ಕಾರಣಕ್ಕೆ.

ಇನ್ನು ಮಾತ್ರೆಯ ಕಬ್ಬಿಣದ ವಿಷಯ. ಕಬ್ಬಿಣದ ಫೆರಸ್ ರೂಪವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಫೆರಿಕ್ ರೂಪದಲ್ಲಿದ್ದರೆ ಅದು ಮೊದಲು ಫೆರಸ್ ಆಗಿ ಬದಲಾಗಬೇಕು. ನಿಂಬೆ, ನೆಲ್ಲಿಕಾಯಿಯಂಥ ವಿಟಮಿನ್ ಸಿ ಇರುವ ಪದಾರ್ಥಗಳು ಇದಕ್ಕೆ ನೆರವಾಗುತ್ತವೆ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಅಡ್ಡಿಪಡಿಸುತ್ತವೆ, ಅದಕ್ಕೇ ಇವುಗಳ ಜೊತೆಗೆ ಐರನ್ ಮಾತ್ರೆ ನುಂಗಬೇಡಿ. ಮಾತ್ರೆ ತೆಗೆದುಕೊಳ್ಳುವಾಗ ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ, ಅದು ಸಾಮಾನ್ಯ.

ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಇನ್ನೂ ದುಬಾರಿ ಟಾನಿಕ್ ಹುಡುಕಬೇಡಿ. ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ. ಕೊರತೆ ಕಬ್ಬಿಣದ್ದೋ, ಫೋಲಿಕ್ ಆಸಿಡ್‌ನದ್ದೋ, ವಿಟಮಿನ್ ಬಿ12ದ್ದೋ ಎಂದು ತಿಳಿಯದೆ ಮದ್ದು ಫಲಿಸುವುದಿಲ್ಲ. ನಿಮ್ಮ ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರಿಗೂ ಇದನ್ನು ಕಳುಹಿಸಿ.